ಬೇವಿನ ಗಿಡದಿಂದ ಎರಡು ಹೆಜ್ಜೆ

ಡಿಸೆಂಬರ್ ೧೯, ಶುಕ್ರವಾರ, ಎಳ್ಳಮಾವಾಸ್ಯೆ

ಕುಬಿಹಾಳದ ಪ್ರವಚನ ನಿನ್ನೆ ಮುಗಿಯಿತು. ಹನ್ನೊಂದು ದಿನದಲ್ಲಿ ನಾಲ್ಕು ದಿನ ಶರಣರ ಕಥೆ, ಉಳಿದ ಏಳು ದಿನ ದೇಶದ ಕಥೆ. ಜನರಿಗೆ ಬೇಕಾದದ್ದೂ ಅದೇ. ಶರಣರ ಕಥೆ ಹೇಳುವಾಗ ಹೆಂಗಸರು ತೂಕಡಿಸುತ್ತಾರೆ, ಗಂಡಸರು ಎಲೆ ಅಡಿಕೆ ಉಗುಳುವ ನೆಪದಲ್ಲಿ ಏಳುತ್ತಾರೆ. 'ಅವರು' ಎಂದು ಒಂದು ಸಲ ಅಂದು ನಾನು ಸುಮ್ಮನಾದರೆ ಸಾಕು, ಇಡೀ ಪೆಂಡಾಲು ಉಸಿರು ಬಿಗಿಹಿಡಿಯುತ್ತದೆ. ಅವರು ಅಂದರೆ ಯಾರು ಎಂದು ನಾನು ಬಿಡಿಸಿ ಹೇಳುವುದಿಲ್ಲ. ಹೇಳದಿದ್ದರೆ ಪೊಲೀಸರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಈ ಕಲೆಯನ್ನು ಮಠದಲ್ಲಿ ನನಗೆ ಯಾರೂ ಕಲಿಸಲಿಲ್ಲ.

ಇವತ್ತು ಊರಿಗೆ ಊರೇ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಯಿತು. ನಮಗೆ ಹೊಲವಿಲ್ಲ. ನಾನು, ಹೆಂಡತಿ ನೇತ್ರಾ ಬುತ್ತಿ ಕಟ್ಟಿಕೊಂಡು ಪ್ರತಿವರ್ಷದಂತೆ ಖಬರಸ್ತಾನಕ್ಕೆ ಹೋದೆವು. ಬರೆಯುವಾಗ ನನಗೇ ನಗು ಬರುತ್ತದೆ. ಹನ್ನೊಂದು ದಿನ ಬೆಂಕಿ ಉಗುಳಿದ ಗೌರೀಶ ಶಾಸ್ತ್ರಿ ಹನ್ನೆರಡನೆಯ ದಿನ ಖಬರಸ್ತಾನದಲ್ಲಿ ದೀಪ ಹಚ್ಚಿ ಬರುತ್ತಾನೆ. ಗೊತ್ತಿದ್ದ ಹಳಬರೆಲ್ಲ ಸತ್ತಿದ್ದಾರೆ.

ಅವ್ವ ಅಲ್ಲಿದ್ದಾಳೆ. ಬೇವಿನ ಗಿಡದಿಂದ ಪಡುವಣಕ್ಕೆ ಎರಡು ಹೆಜ್ಜೆ. ನನಗೆ ಆಗ ಏಳು ವರ್ಷ. ಅವ್ವ ಕೊರಳಿನ ಲಿಂಗ ತೆಗೆದು ಜಗಲಿಯ ಮೇಲಿಟ್ಟು ಹೋಗಿ ಬಾವಿಗೆ ಹಾರಿದಳು. ಹಾರಿದ್ದನ್ನು ಊರು ಕ್ಷಮಿಸುತ್ತಿತ್ತೇನೋ, ಲಿಂಗ ತೆಗೆದದ್ದನ್ನು ಕ್ಷಮಿಸಲಿಲ್ಲ. ಲಿಂಗ ಬಿಟ್ಟವಳು ನಮ್ಮವಳಲ್ಲ ಎಂದು ಅಯ್ಯನವರು ಕ್ರಿಯೆಗೆ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಹೊಲ ದೊಡ್ಡಪ್ಪನ ಹೆಸರಿನಲ್ಲಿತ್ತು, ಆತ ಗುದ್ದಲಿ ಹಿಡಿದು ಬದುವಿನ ಮೇಲೆ ಅಡ್ಡ ನಿಂತ. ಹೆಣ ಎರಡು ದಿನ ಅಂಗಳದಲ್ಲೇ ಇತ್ತು. ಕೊನೆಗೆ ಗಾದಿ ಹೊಲಿಯುವ ನಿಜಾಮಸಾಬ ಬಂದು, "ನಮ್ಮ ಜಾಗಾದಾಗ ಇಡೂಣು ನಡೀರಿ" ಅಂದನಂತೆ.

ನನ್ನನ್ನು ಅಷ್ಟರಲ್ಲಿ ಅಜ್ಜಿಯ ಊರಿಗೆ ಸಾಗಿಸಿದ್ದರು. ಅಪ್ಪ ಸಾಯುವ ತನಕ ಹೇಳುತ್ತಿದ್ದ: "ಅಯ್ಯ ಬರಲಿಲ್ಲಂದ್ರ ಏನಾತು, ನಿಮ್ಮವ್ವನ್ನ ನಮ್ಮ ಪದ್ಧತಿ ಪ್ರಕಾರ ಕುಂದ್ರಿಸೇ ಮಣ್ಣು ಕೊಟ್ಟೇನಿ." ನಮ್ಮವರನ್ನು ಕೂರಿಸುತ್ತಾರೆ, ಅವರನ್ನು ಮಲಗಿಸುತ್ತಾರೆ. ಅಷ್ಟು ಜನ ಮಲಗಿದವರ ನಡುವೆ ಅವ್ವ ಒಬ್ಬಳೇ ಕೂತಿದ್ದಾಳೆ ಎಂದು ಚಿಕ್ಕಂದಿನಲ್ಲಿ ನನಗೆ ಹೆಮ್ಮೆ. ಈಗಲೂ ಸ್ವಲ್ಪ ಇದೆ.

ನಾವು ಹೋಗುವಷ್ಟರಲ್ಲಿ ಶರೀಫಣ್ಣ ಕಸ ಕಿತ್ತು ಜಾಗ ಹಸನು ಮಾಡಿಟ್ಟಿದ್ದ. ನಿಜಾಮಸಾಬನ ಮಗ, ಅರವತ್ತು ದಾಟಿದವನು. ಕುಂದಗೋಳದಲ್ಲಿ ಅಪ್ಪನದೇ ಗಾದಿ ಅಂಗಡಿ ನಡೆಸುತ್ತಾನೆ. ನೇತ್ರಾ ಕೊಟ್ಟ ಸಜ್ಜೆ ರೊಟ್ಟಿ, ಬದನೆ ಎಣ್ಣೆಗಾಯಿ ಅಲ್ಲೇ ಕೂತು ತಿಂದ.

"ಕುಬಿಹಾಳದಾಗ ಭಾರಿ ಗದ್ಲ ಹಾಕಿದೆಂತಲ್ಲೊ," ಅಂದ.

"ಅದು ನಿನಗಲ್ಲ ಶರೀಫಣ್ಣ."

"ಗೊತ್ತೈತಿ ಬಿಡೊ. ನನಗಲ್ಲ, ನನ್ನ ಬಾಜೂದವ್ಗ. ಬಾಜೂದವ್ನ ಕೇಳಿದ್ರ ಅವನೂ ಹಂಗ ತಿಳ್ಕೊಂಡಾನ."

ನೇತ್ರಾ ನಕ್ಕಳು. ನಾನೂ ನಕ್ಕೆ. ಮಾತಿನಲ್ಲಿ ಅವನನ್ನು ಗೆಲ್ಲುವುದು ಕಷ್ಟ.

ಡಿಸೆಂಬರ್ ೨೮, ಭಾನುವಾರ

ಅಣ್ಣಿಗೇರಿಯಲ್ಲಿ ಸಭೆ. ಕಾಳಿನ ಗೋದಾಮಿನ ಮುಂದಿನ ಬಯಲು ತುಂಬಿತ್ತು. ಒಂದು ತಾಸು ಇಪ್ಪತ್ತು ನಿಮಿಷ ಮಾತಾಡಿದೆ, ಒಂದು ಲೋಟ ನೀರು ಕುಡಿಯಲಿಲ್ಲ. ಕೊನೆಗೆ ಹುಡುಗರು ಹೆಗಲ ಮೇಲೆ ಹೊತ್ತು ಕಾರಿನ ತನಕ ತಂದರು.

ಕಾರಿನಲ್ಲಿ ಅಮೋಘಸಿದ್ದಪ್ಪ ತಣ್ಣೀರು ಎರಚಿದ. ಪಕ್ಷದಲ್ಲಿ ಟಿಕೆಟ್ ಹಂಚುವವನು ಆತನೇ. ಜಿಲ್ಲಾ ಪಂಚಾಯತಿಗೆ ನಮ್ಮ ಕ್ಷೇತ್ರದಿಂದ ಮೂವರು ಕೇಳುತ್ತಿದ್ದೇವೆ, ಗೂಳಪ್ಪನೂ ಒಬ್ಬ.

"ಶಾಸ್ತ್ರಿಗಳ, ನೀವು ಮಾತು ಅಗದಿ ಚೊಲೋ ಆಡ್ತೀರಿ. ಆದ್ರ ನಿಮ್ಮ ಹೆಸರಿನ ಮ್ಯಾಲೆ ಒಂದು ಕೆಲಸ ಇಲ್ಲ ನೋಡ್ರಿ. ಗೂಳಪ್ಪ ಮೂರು ದನದ ಗಾಡಿ ತಡದಾನ, ನಾಕು ದಿನ ಜೇಲಿನಾಗ ಇದ್ದು ಬಂದಾನ. ಜನಕ್ಕ ಕಣ್ಣಿಗೆ ಕಾಣೂದು ಬೇಕ್ರಿ."

ಗೂಳಪ್ಪನಿಗೆ ಒಂದು ವಾಕ್ಯ ತಪ್ಪಿಲ್ಲದೆ ಆಡಲು ಬರುವುದಿಲ್ಲ. ನಾನು ಇಪ್ಪತ್ತೆರಡು ವರ್ಷ ಊರೂರು ಅಲೆದು ಗಂಟಲು ಹರಿದುಕೊಂಡವನು. ಜೇಲಿಗೆ ಹೋಗಿಲ್ಲ ಎಂಬುದು ನನ್ನ ಕೊರತೆಯಂತೆ.

ಜನವರಿ ೫, ಸೋಮವಾರ

ಲಕ್ಕಪ್ಪ ನನ್ನ ಕಾರು ಓಡಿಸುತ್ತಾನೆ, ಹುಡುಗರ ಪಡೆಗೂ ಅವನೇ ಮುಂದಾಳು. ಖಬರಸ್ತಾನದ ಮುಂದೆ ಹಾಯುವಾಗ ಇವತ್ತು ಗಾಡಿ ನಿಧಾನ ಮಾಡಿದ. "ರೋಡಿಗೆ ಹತ್ತಿ ಎರಡು ಎಕರೆ ಐತ್ರಿ. ಮೊದಲು ಯಾರದಿದ್ದೀತು?" ಅಂದ. ಬಾಯಿ ಮುಚ್ಚಿಕೊಂಡು ಗಾಡಿ ಹೊಡಿ ಅಂದೆ. ಬೇರೆ ಎಲ್ಲಿ ಬೇಕಾದರೂ ಕೈ ಹಾಕಲಿ, ಅಲ್ಲಿ ಬೇಡ.

ಮನೆಗೆ ಬಂದು ನೇತ್ರಾಳಿಗೆ ಹೇಳಿದೆ. "ಬೈದ್ರಿ ಹೌದಲ್ರಿ ಅವಗ?" ಎಂದು ಕೇಳಿದಳು. ಬೈದೆ ಅಂದೆ.

ಜನವರಿ ೧೨, ಸೋಮವಾರ

ಗೂಳಪ್ಪ ನಿನ್ನೆ ಸಂತೆಯಲ್ಲಿ ಬಳೆ ಮಾರುವ ಮಲಿಕಾಬಿ ಎಂಬ ಮುದುಕಿಯ ಬುಟ್ಟಿಯನ್ನು ಒದ್ದು ಉರುಳಿಸಿದ. ನಮ್ಮ ಹೆಣ್ಣುಮಕ್ಕಳ ಕೈ ಅವರು ಯಾಕೆ ಮುಟ್ಟಬೇಕು ಎಂದು ಕೂಗಿದ. ಅರ್ಧ ನಿಮಿಷದ ವಿಡಿಯೊ. ಎಲ್ಲರ ಮೊಬೈಲಿನಲ್ಲೂ ಅದೇ. ಅಮೋಘಸಿದ್ದಪ್ಪನಿಗೆ ಮೂರು ಸಲ ಫೋನು ಹಚ್ಚಿದೆ, ಎತ್ತಲಿಲ್ಲ.

ಬಳೆಬುಟ್ಟಿ ಒದೆಯಲು ಕಾಲು ಸಾಕು. ನನ್ನಂಥವನು ಅದಕ್ಕೆ ಇಳಿಯಬಾರದು. ನಾನು ಮಾಡುವುದಾದರೆ ನೂರು ವರ್ಷ ಜನ ನೆನೆಯುವಂಥದು ಮಾಡಬೇಕು.

ಒಂದು ವಿಚಾರ ಬಂದಿದೆ. ಬರೀ ವಿಚಾರ, ಬರೆದಿಡುತ್ತೇನೆ ಅಷ್ಟೆ. ಆ ಖಬರಸ್ತಾನದಲ್ಲಿ ಅಗೆದರೆ ಕೂತ ಅಸ್ಥಿಪಂಜರವೊಂದು ಸಿಗುತ್ತದೆ. ಸಿಗಬಹುದು ಅಂತಲ್ಲ, ಸಿಗುತ್ತದೆ. ಕೂರಿಸಿ ಮಣ್ಣು ಮಾಡುವುದು ನಾವು ಮಾತ್ರ. ಕಾಗದ ಬೇಡ, ಕೋರ್ಟು ಬೇಡ, ಕಣ್ಣಿಗೆ ಕಂಡರೆ ಮುಗಿಯಿತು. ಅದು ಯಾರದೆಂದು ಗೊತ್ತಿರುವುದು ನನಗೆ, ನೇತ್ರಾಳಿಗೆ, ಶರೀಫಣ್ಣನಿಗೆ. ಶರೀಫಣ್ಣ ಬಾಯಿಬಿಟ್ಟರೂ ಯಾರು ನಂಬುತ್ತಾರೆ?

ಏಳು ವರ್ಷದ ಹುಡುಗನನ್ನು ಬಿಟ್ಟು ಹೋದಳು. ಒಂದು ಮಾತು ಹೇಳಿ ಹೋಗಲಿಲ್ಲ. ನನಗೆ ಅವಳಿಂದ ಬರಬೇಕಾದದ್ದು ಬಹಳ ಇದೆ.

ಜನವರಿ ೧೫, ಗುರುವಾರ, ಸಂಕ್ರಾಂತಿ

ಹೇಳಿಬಿಟ್ಟೆ.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಎಳ್ಳು ಬೆಲ್ಲ ಹಂಚುತ್ತ ಶುರುಮಾಡಿದೆ. ಮುನ್ನೂರು ವರ್ಷದ ಹಿಂದೆ ನಮ್ಮೂರಲ್ಲಿ ಒಬ್ಬ ಮೌನಯೋಗಿ ಇದ್ದರು, ಬೇವಿನ ಗಿಡದ ಕೆಳಗೆ ಜೀವಂತ ಸಮಾಧಿಯಾದರು, ಆ ಗದ್ದುಗೆಯ ಮೇಲೆ ಇವತ್ತು ಯಾರ ಗೋರಿಗಳಿವೆ ನೀವೇ ನೋಡಿಕೊಳ್ಳಿ ಅಂದೆ. ಹೆಸರು ಅಲ್ಲೇ ಹುಟ್ಟಿತು: ಬೇವಿನಜ್ಜ. ಹೇಳುವಾಗ ನನ್ನ ಮೈಮೇಲೆ ಮುಳ್ಳೆದ್ದವು. ಅರ್ಧ ಕಥೆಗೆ ಬರುವಷ್ಟರಲ್ಲಿ ನನಗೂ ಅಜ್ಜ ಕಾಣತೊಡಗಿದ್ದ, ಬಿಳಿಗಡ್ಡ, ಕೈಯಲ್ಲಿ ಬೆತ್ತ.

ಮಜಾ ಎಂದರೆ ಜನರದು. ಒಬ್ಬ ಮುದುಕ ಎದ್ದು ನಿಂತು ಕಣ್ಣೊರೆಸಿಕೊಂಡು, "ಖರೇ ಐತ್ರಿ. ಎಳ್ಳಮಾಸಿಗೆ ಅಲ್ಲಿ ದೀಪ ತಾನಽ ಹತ್ತೂದು ನಾ ನೋಡೇನ್ರಿ" ಅಂದ. ಆ ದೀಪ ಹಚ್ಚಿದವನು ನಾನೇ. ಎಣ್ಣೆ ನೇತ್ರಾಳದು. ಮುದುಕನಿಗೆ ಶಾಲು ಹೊದಿಸಿದೆ.

ಅಮೋಘಸಿದ್ದಪ್ಪ ತಾನಾಗಿ ಫೋನು ಹಚ್ಚಿದ.

ಜನವರಿ ೨೨, ಗುರುವಾರ

ಶರೀಫಸಾಬ ಬಂದಿದ್ದ. ಅಂಗಳದಲ್ಲಿ ಹತ್ತು ಹನ್ನೆರಡು ಹುಡುಗರು ಕರಪತ್ರ ಮಡಚುತ್ತ ಕೂತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಬಂದು ಕಟ್ಟೆಯ ಕೆಳಗೇ ನಿಂತ.

"ಗೌರೀಶ, ಜಾಗಾ ಬೇಕಂದ್ರ ತೊಗೊ. ಊರ ಹಿರಿಯರ ಮುಂದ ನಾನಽ ಹೂಂ ಅಂತೇನಿ. ಆದ್ರ ಬೇವಿನ ಗಿಡದ ಬುಡಕ ಕೈ ಹಚ್ಚಬ್ಯಾಡ. ರೋಡಿನ ಬಾಜೂ ಅಗಿ."

"ಯಾಕ?"

ಅವನು ಹುಡುಗರತ್ತ ನೋಡಿದ. "ಒಳಗ ನಡಿ, ಎರಡು ಮಾತು ಹೇಳೂದೈತಿ. ಇವರ ಮುಂದ ಹೇಳೂವಂಥಾದ್ದಲ್ಲ."

"ಹೇಳೂದಿದ್ರ ಇವರ ಮುಂದಽ ಹೇಳ್ರಿ," ಅಂದೆ.

ಅವನಿಗೆ ನಾನು 'ರಿ' ಹಚ್ಚಿ ಮಾತಾಡಿದ್ದು ಇದೇ ಮೊದಲು. ಅದು ಅವನಿಗೂ ತಿಳಿಯಿತು. "ನಿನ್ನ ಮರ್ಯಾದಿ ಸಲುವಾಗಿ ಸುಮ್ಮನಿರ್ತೇನಿ, ನನ್ನ ಸಲುವಾಗಿ ಅಲ್ಲ," ಎಂದು ತಿರುಗಿದ. ಅಷ್ಟರಲ್ಲಿ ಲಕ್ಕಪ್ಪ ಅವನ ಚಪ್ಪಲಿಗಳನ್ನು ಎತ್ತಿ ಕಾಂಪೌಂಡಿನ ಆಚೆ ಗಟಾರಕ್ಕೆ ಎಸೆದಿದ್ದ. ಮುದುಕ ಬರಿಗಾಲಲ್ಲಿ ಕಲ್ಲು ಹಾಯುತ್ತ ಹೋದ. ನಡಿಗೆ ನೋಡಿ ಹುಡುಗರು ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಒಂದಂತೂ ಖಾತ್ರಿಯಾಯಿತು. ಬೇವಿನ ಬುಡ ಬಿಟ್ಟು ಬೇರೆ ಕಡೆ ಅಗಿ ಅನ್ನುತ್ತಾನೆಂದರೆ ಸಾಕ್ಷಿ ಅಲ್ಲೇ ಗಟ್ಟಿಯಾಗಿ ಕೂತಿದೆ.

ಜನವರಿ ೨೯, ಗುರುವಾರ

ಎಲ್ಲ ಗೊತ್ತುಮಾಡಿದ್ದೇವೆ. ಭಾರತ ಹುಣ್ಣಿಮೆಯ ದಿನ ಬೆಳಿಗ್ಗೆ ಬೇವಿನಜ್ಜನ ಹೆಸರಿನಲ್ಲಿ ಧ್ವಜದ ಕಂಬ ನೆಡುವುದು. ಕಂಬಕ್ಕೆ ಐದು ಅಡಿ ಗುಂಡಿ ಬೇಕೇ ಬೇಕು. ಗುಂಡಿ ತೋಡುವಾಗ ಏನೋ ಸಿಕ್ಕರೆ ಅದಕ್ಕೆ ನಾವು ಜವಾಬ್ದಾರರಲ್ಲ. ಟಿವಿಯವರು ಇಬ್ಬರು ಬರುತ್ತಾರೆ. ಪೊಲೀಸರು ಬಂದು ದೂರ ನಿಲ್ಲುತ್ತಾರೆಂದು ಅಮೋಘಸಿದ್ದಪ್ಪ ಹೇಳಿದ್ದಾನೆ. ಟಿಕೆಟಿನ ಪಟ್ಟಿ ಅದರ ಮರುದಿನವೋ ಮೂರನೆಯ ದಿನವೋ.

ನೇತ್ರಾ ಊಟಕ್ಕೆ ಬಡಿಸುತ್ತ, "ಅತ್ತಿನ್ನ ಬಿಟ್ಟುಬಿಡ್ರಿ," ಅಂದಳು.

"ಸತ್ತವರಿಗೆ ಏನು ತಿಳೀತದ?"

"ಇದ್ದವರಿಗೆ ತಿಳೀತದಲ್ರಿ."

ತಟ್ಟೆ ತಳ್ಳಿ ಎದ್ದೆ. ಇವಳಿಗೆ ಅರ್ಥವಾಗುವುದಿಲ್ಲ. ಅಲ್ಲಿ ಕಲ್ಲಿನ ಗದ್ದುಗೆ ಏಳುತ್ತದೆ, ಬೆಳ್ಳಿಯ ಮುಖವಾಡ ಬರುತ್ತದೆ, ಮೂರು ಹೊತ್ತು ಪೂಜೆ. ಹೊಲದ ಬದುವಿನಲ್ಲಿ ಜಾಗ ಸಿಗದ ಹೆಂಗಸಿನ ಮುಂದೆ ಅದೇ ದೊಡ್ಡಪ್ಪನ ಮಕ್ಕಳು ಅಡ್ಡಬೀಳುತ್ತಾರೆ. ಯಾವ ಮಗ ತಾಯಿಗೆ ಇಷ್ಟು ಮಾಡಿದ್ದಾನೆ? ಗಂಡಸಿನ ಹೆಸರಿನಲ್ಲಿ ಎನ್ನುವುದೊಂದು ಬಿಟ್ಟರೆ.

ಫೆಬ್ರವರಿ ೧, ಭಾನುವಾರ, ಭಾರತ ಹುಣ್ಣಿಮೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಎಂಟು ಗಂಟೆಗೆ ಎಂಟುನೂರು ಜನ. ಗಿಡದ ಬುಡದಿಂದ ನಾನೇ ಎರಡು ಹೆಜ್ಜೆ ಇಟ್ಟು, ಧ್ಯಾನ ಮಾಡಿದಂತೆ ಕಣ್ಣು ಮುಚ್ಚಿ ನಿಂತು, ಇಲ್ಲಿ ಅಂದೆ. ತೆಂಗಿನಕಾಯಿ ಒಡೆದೆ. ಲಕ್ಕಪ್ಪ ಗುದ್ದಲಿ ಹಾಕಿದ. ಎರೆ ಮಣ್ಣು, ಒಣಗಿ ಕಲ್ಲಾಗಿತ್ತು. ಅಗೆಯುವವರು ಪಾಳಿ ಬದಲಿಸಿದರು. ನಾನು ಮೈಕಿನಲ್ಲಿ ಬೇವಿನಜ್ಜನ ಕಥೆ ಹೇಳುತ್ತಲೇ ಇದ್ದೆ.

ನಾಲ್ಕು ಅಡಿಗೆ ಎಲುಬು ಕಂಡಿತು. ಮೊದಲು ಕಾಲಿನದು, ಉದ್ದಕ್ಕೆ ಚಾಚಿದ್ದು. ನನಗೆ ತಿಳಿಯಲಿಲ್ಲ, ನಾನು ತಲೆಬುರುಡೆಗಾಗಿ ಕಾಯುತ್ತಿದ್ದೆ. ಕೂತ ಹೆಣವಾದರೆ ಮೊದಲು ತಲೆ ಸಿಗಬೇಕು. ಲಕ್ಕಪ್ಪ ಕೈಯಿಂದ ಮಣ್ಣು ಸರಿಸುತ್ತ ಸರಿಸುತ್ತ ಹೋದ. ಮೊಣಕಾಲು, ತೊಡೆ, ಪಕ್ಕೆ, ಎಲ್ಲವೂ ಮಲಗಿದ್ದವು. ತಲೆ ಉತ್ತರಕ್ಕೆ. ಬಲಮಗ್ಗುಲಾಗಿ, ಮುಖ ಪಡುವಣಕ್ಕೆ.

"ಶಾಸ್ತ್ರಿಗಳ, ಇದು ಅವರದೈತ್ರಿ," ಅಂದ ಲಕ್ಕಪ್ಪ, ಮೇಲೆ ನೋಡದೆ.

ಇಪ್ಪತ್ತೆರಡು ವರ್ಷದಲ್ಲಿ ಮೈಕಿನ ಮುಂದೆ ನನಗೆ ಮಾತು ಹೊರಡದೆ ಇದ್ದದ್ದು ಇದೇ ಮೊದಲು. ಟಿವಿಯವನು ಕ್ಯಾಮೆರಾ ಇಳಿಸಿದ. ಯಾರೋ ಹಿಂದಿನಿಂದ ನಕ್ಕರು. ಗೂಳಪ್ಪನ ಕಡೆಯವರು ಇದ್ದರು, ನಗಲಿಕ್ಕೇ ಬಂದವರು. ಅಮೋಘಸಿದ್ದಪ್ಪ ಗಡಿಯಾರ ನೋಡಿಕೊಂಡ. ಟಿಕೆಟು ನನ್ನ ಕಣ್ಣ ಮುಂದೆ ಆ ಗುಂಡಿಗೆ ಬಿದ್ದು ಹೋಗುತ್ತಿತ್ತು.

ಆಗ ನನ್ನ ಬಾಯಿಂದ ಮಾತು ಬಂತು. ಎಲ್ಲಿಂದ ಬಂತೋ. "ನೋಡ್ರಿ," ಅಂದೆ. "ನಮ್ಮಜ್ಜನ ಎದಿ ಮ್ಯಾಲೆ ಇವರನ್ನ ತಂದು ಮಲಗಿಸ್ಯಾರ. ಮುನ್ನೂರು ವರ್ಷ ನಮ್ಮಜ್ಜ ಈ ಭಾರ ಹೊತ್ತು ಕುಂತಾನ. ತಗೀರಿ ಇದನ್ನ."

ಜನ ಹೋ ಎಂದರು. ಹುಡುಗರು ಗುಂಡಿಗೆ ಹಾರಿದರು. ತಲೆಬುರುಡೆಯನ್ನು ಒಬ್ಬ ಎತ್ತಿ ಲಕ್ಕಪ್ಪನಿಗೆ ಎಸೆದ, ಲಕ್ಕಪ್ಪ ಅದನ್ನು ಧ್ವಜದ ಕಂಬದ ತುದಿಗೆ ಸಿಕ್ಕಿಸಿ ಮೇಲೆತ್ತಿದ. ಕ್ಯಾಮೆರಾ ಮತ್ತೆ ಮೇಲೆದ್ದಿತು. ಉಳಿದ ಎಲುಬುಗಳು ಕಾಲಿಗೆ ಸಿಕ್ಕಿ ಮುರಿದವು. ನಾನು ಮೈಕು ಬಿಡಲಿಲ್ಲ. ಬಿಟ್ಟರೆ ಎಲ್ಲ ನಿಂತುಬಿಡುತ್ತಿತ್ತು.

ಪೊಲೀಸರ ಸಾಲು ದಾಟಿ ಶರೀಫಸಾಬ ಬಂದ. ಹೆಗಲ ಮೇಲಿನ ಚಾದರ ಹಾಸಿ, ಮೊಣಕಾಲೂರಿ, ಚೂರು ಚೂರು ಆರಿಸತೊಡಗಿದ. ಒಬ್ಬ ಬೆನ್ನಿಗೆ ಒದ್ದ. ಮುಂದಕ್ಕೆ ಮುಗ್ಗರಿಸಿ ಮತ್ತೆ ಎದ್ದು ಆರಿಸಿದ. ಲಕ್ಕಪ್ಪ ಕಂಬ ಅಲುಗಾಡಿಸಿ, "ಇದೂ ಬೇಕೇನು? ನಿನಗ ಏನಾಗಬೇಕೋ ಇದು?" ಎಂದು ಕೇಳಿದ.

ಶರೀಫಸಾಬ ಕಂಬದತ್ತ ನೋಡಲಿಲ್ಲ, ನನ್ನನ್ನೇ ನೋಡಿದ. "ನಮ್ಮ ಮನೀ ಹೆಣ್ಣಮಗಳು," ಅಂದ.

ಕೊಡು ಎಂದು ನಾನು ಸನ್ನೆ ಮಾಡಿದೆ. ಲಕ್ಕಪ್ಪ ಕಂಬ ಝಾಡಿಸಿದ, ಬುರುಡೆ ಉರುಳಿ ಕಸದಲ್ಲಿ ಬಿತ್ತು.

ಫೆಬ್ರವರಿ ೨, ಸೋಮವಾರ

ಜಾಗ ತಪ್ಪಿದೆ. ಮೂವತ್ತೊಂಬತ್ತು ವರ್ಷದಲ್ಲಿ ಗಿಡದ ಬೊಡ್ಡೆ ಎಷ್ಟು ದಪ್ಪವಾಗಿರಬೇಕು, ಎರಡು ಹೆಜ್ಜೆ ಎಲ್ಲಿಂದ ಎಣಿಸಬೇಕು? ಅವ್ವ ಇನ್ನೂ ಸ್ವಲ್ಪ ಆಚೆ ಕೂತಿದ್ದಾಳೆ. ಸಿಕ್ಕಿದ್ದು ಬೇರೆ ಯಾರದೋ.

ಫೆಬ್ರವರಿ ೪, ಬುಧವಾರ

ಟಿಕೆಟು ನನಗೆ.

ಲಕ್ಕಪ್ಪ ಕಂಬ ಎತ್ತಿದ್ದನ್ನು ಯಾರೋ ರೀಲ್ ಮಾಡಿದ್ದಾರೆ. ಹಿಂದಿನಿಂದ ನನ್ನ ದನಿ, 'ತಗೀರಿ ಇದನ್ನ' ಎಂಬುದು ಮೂರು ಸಲ ಮರುಕಳಿಸುತ್ತದೆ, ಡೊಳ್ಳು ಸೇರಿಸಿದ್ದಾರೆ. ಎರಡು ಲಕ್ಷ ಜನ ನೋಡಿದ್ದಾರಂತೆ. ಕೆಳಗೆ ಅಜ್ಜ ಸಿಕ್ಕನೇ ಎಂದು ಒಬ್ಬನೂ ಕೇಳಿಲ್ಲ. "ಗೂಳಪ್ಪನ ಬಳಿಬುಟ್ಟಿ ಎಲ್ಲಿ, ನಿಮ್ಮ ಕಂಬ ಎಲ್ರಿ," ಎಂದು ಅಮೋಘಸಿದ್ದಪ್ಪ ನಕ್ಕ. ನನಗೆ ಪೇಢೆ ತಿನಿಸಿದ.

ನೇತ್ರಾ ಮೂರು ದಿನದಿಂದ ಬೇಕಾದಷ್ಟೇ ಮಾತಾಡುತ್ತಾಳೆ. ಉಪ್ಪು, ನೀರು, ಕರೆಂಟು ಹೋಯಿತು, ಬಂತು. ಟಿಕೆಟಿನ ಸುದ್ದಿ ಹೇಳಿದರೆ "ಹೌದ್ರಿ?" ಎಂದು ಒಳಗೆ ಹೋದಳು.

ಫೆಬ್ರವರಿ ೯, ಸೋಮವಾರ

ಒಂದು ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು. ಬೇರೆ ಯಾರದೋ ಎಲುಬಾದರೆ ಆ ಮುದುಕ ನನ್ನನ್ನು ಹಾಗೆ ಯಾಕೆ ನೋಡಿದ? ಮಧ್ಯಾಹ್ನ ಲಕ್ಕಪ್ಪನನ್ನು ಪೆಟ್ರೋಲಿಗೆ ಕಳಿಸಿ, ಒಬ್ಬನೇ ಶರೀಫಸಾಬನ ಗಾದಿ ಅಂಗಡಿಗೆ ಹೋದೆ. ಅರಳೆಯ ಗುಡ್ಡೆಯ ನಡುವೆ ಕೂತು ದಬ್ಬಣ ಪೋಣಿಸುತ್ತಿದ್ದ. ಬೆನ್ನಿಗೆ ಪಟ್ಟಿ ಕಟ್ಟಿದ್ದ. ನನ್ನನ್ನು ನೋಡಿ ಏಳಲಿಲ್ಲ.

"ಬರ್ರಿ ಶಾಸ್ತ್ರಿಗಳ," ಅಂದ. ಗೌರೀಶ ಅನ್ನಲಿಲ್ಲ.

"ಅದು ಯಾರದು?"

"ನಿಮಗ ಗೊತ್ತಿಲ್ಲೇನ್ರಿ?"

"ನಮ್ಮವ್ವ ಕುಂತಾಳ. ಅಪ್ಪ ಹೇಳ್ಯಾನ. ಅವನಽ ಕುಂದ್ರಿಸ್ಯಾನ."

ದಾರ ಹಲ್ಲಿನಿಂದ ಕಡಿದ. ಆಮೇಲೆ ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದ. "ನಿಮ್ಮಪ್ಪ ಎರಡು ದಿನದಿಂದ ಕುಡದು ನಮ್ಮ ಕಟ್ಟಿ ಮ್ಯಾಲೆ ಬಿದ್ದಿದ್ದ. ಎಚ್ಚರಿದ್ದಿಲ್ಲ. ನಮ್ಮವ್ವ ಮೈ ತೊಳದ್ಲು, ಹೊಸಾ ಸೀರಿ ಸುತ್ತಿದ್ಲು. ನಾನು, ನಮ್ಮಪ್ಪ ಕುಣಿ ತೋಡಿದ್ವಿ. ಕುಂದ್ರಿಸಬೇಕು ಅಂತ ನಮ್ಮಪ್ಪಗ ಗೊತ್ತಿತ್ರಿ, ಹ್ಯಾಂಗ ಕುಂದ್ರಿಸೂದು ಅಂತ ಗೊತ್ತಿರಲಿಲ್ಲ. ನಿಮ್ಮವರನ್ನ ಕೇಳಾಕ ಹ್ವಾದ್ರ ಕದಾ ಹಾಕ್ಕೊಂಡ್ರು. ಎರಡು ದಿನದ ಮೈ, ಸೆಟದಿತ್ತು. ಕಾಲು ಮಡಚಾಕ ಹೋದ್ರ ಮುರೀತಿತ್ತು. ಮುರದು ಕುಂದ್ರಿಸೂದು ಬ್ಯಾಡ, ತಾಯಿ ಮಲ್ಕೊಳ್ಳಲಿ ಅಂದ ನಮ್ಮಪ್ಪ. ನಮಗ ಬರೂ ಹಂಗ ಮಾಡಿದ್ವಿ. ನಿಮ್ಮಪ್ಪ ಎಚ್ಚರಾಗಿ ಕೇಳಿದಾಗ, ಕುಂದ್ರಿಸೇವಿ ಅಂತ ಸುಳ್ಳು ಹೇಳಿದ್ವಿ. ಅಂವ ನಿಮಗ ಹೇಳಿದ."

"ಆ ದಿನ ಮನೀಗೆ ಬಂದಾಗ ಯಾಕ ಹೇಳಲಿಲ್ಲ?"

"ಹೇಳಾಕಽ ಬಂದಿದ್ನಿ. ಮಂದಿ ಮುಂದ ಹೇಳು ಅಂದ್ರಿ. ನಿಮ್ಮವ್ವನ ಮಾತು ಮಂದಿ ಮುಂದ ಹ್ಯಾಂಗ ಹೇಳ್ಲಿ?"

ಅವ್ವನ ತಲೆ ಕಂಬದ ಮೇಲೆ ಹೇಗಿತ್ತು ಎಂದು ನೆನೆಯಲು ಹೋದೆ, ನನಗೆ ಕಂಡದ್ದು ರೀಲಿನಲ್ಲಿ ನೋಡಿದ್ದೇ ಹೊರತು ಕಣ್ಣಿನಿಂದ ನೋಡಿದ್ದಲ್ಲ.

"ಎಲ್ಲಿ ಇಟ್ಟಿ?" ಎಂದು ಕೇಳಿದೆ.

"ಅದನ್ನ ಹೇಳೂದಿಲ್ರಿ."

"ನಾ ಅಕಿ ಮಗ."

"ಅದಕ್ಕ ಹೇಳೂದಿಲ್ಲ. ಹೇಳಿದ್ರ ನೀವು ಅಲ್ಲೂ ಅಗೀತೀರಿ."

ಫೆಬ್ರವರಿ ೧೦, ಮಂಗಳವಾರ

ಸುಳ್ಳು. ಅವರು ಸುಳ್ಳು ಹೇಳುವುದರಲ್ಲಿ ನಿಸ್ಸೀಮರು.

ಫೆಬ್ರವರಿ ೧೫, ಭಾನುವಾರ, ಶಿವರಾತ್ರಿ

ಪ್ರಚಾರ. ಆರು ಹಳ್ಳಿ. ಎಲ್ಲ ಕಡೆಯೂ ನಾನು ಬರುವ ಮೊದಲು ಆ ರೀಲ್ ಹಚ್ಚುತ್ತಾರೆ. ಇವತ್ತು ಲಕ್ಕಪ್ಪನಿಗೆ, ಅದನ್ನು ತೆಗೆದುಹಾಕು ಅಂದೆ.

"ಯಾಕ್ರಿ? ಅದಽ ವೋಟು ತರಾಕತ್ತದ."

ಯಾಕೆ ಎಂದು ಹೇಳಬೇಕಾಗಿತ್ತು. ಹೇಳಲು ಒಂದು ವಾಕ್ಯ ಸಾಕು. ಮುಂದಿನ ಸೀಟಿನಿಂದ ಅಮೋಘಸಿದ್ದಪ್ಪ ತಿರುಗಿ ನೋಡುತ್ತಿದ್ದ. "ಡೊಳ್ಳಿನ ಸಪ್ಪಳ ಜಾಸ್ತಿ ಐತಿ, ಅದನ್ನ ಕಡಿಮಿ ಮಾಡು," ಅಂದೆ. ಕಡಿಮೆ ಮಾಡಿದ. ಈಗ ನನ್ನ ದನಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಫೆಬ್ರವರಿ ೨೦, ಶುಕ್ರವಾರ

ಶರೀಫಸಾಬನ ಮೇಲೆ ದೂರು ಕೊಡಿಸಿದೆ. ಬೇವಿನಜ್ಜನ ಜಾಗದ ಪುರಾವೆಗಳನ್ನು ಕದ್ದೊಯ್ದು ಬಚ್ಚಿಟ್ಟಿದ್ದಾನೆ ಎಂದು. ಮುದುಕನನ್ನು ಜೇಲಿಗೆ ಹಾಕುವ ಆಸೆ ನನಗಿಲ್ಲ. ಬಾಯಿಬಿಟ್ಟರೆ ಸಾಕು. ನನ್ನ ತಾಯಿ ಎಲ್ಲಿದ್ದಾಳೆಂದು ತಿಳಿಯುವ ಹಕ್ಕು ನನಗಿಲ್ಲವೇ? ಇದರಲ್ಲಿ ಕ್ರೌರ್ಯದ ಮಾತೇನು ಬಂತು?

ಫೆಬ್ರವರಿ ೨೪, ಮಂಗಳವಾರ

ಠಾಣೆಯಲ್ಲಿ ಕೂರಿಸಿ ನಾಲ್ಕು ದಿನವಾಯಿತು. ಹೆಸರು, ಊರು, ಗಾದಿ ಹೊಲಿಯುವುದು, ಇಷ್ಟು ಬಿಟ್ಟು ಏನೂ ಹೇಳುತ್ತಿಲ್ಲವಂತೆ. ನನ್ನ ಅವ್ವನದು ಎಂದೂ ಹೇಳಿಲ್ಲ. ಹೇಳಿದ್ದರೆ ಅವನಿಗೇ ಅನುಕೂಲವಿತ್ತು. ಯಾಕೆ ಹೇಳುತ್ತಿಲ್ಲ ಎಂದು ಯೋಚಿಸಿದರೆ ಮೈ ಉರಿಯುತ್ತದೆ. ದೊಡ್ಡವನಾಗಲು ನೋಡುತ್ತಾನೆ.

ಮಾರ್ಚ್ ೩, ಮಂಗಳವಾರ, ಹೋಳಿ ಹುಣ್ಣಿಮೆ

ಗೆದ್ದೆ. ನಾಲ್ಕು ಸಾವಿರಕ್ಕೂ ಮೇಲೆ.

ಕುಂದಗೋಳದಿಂದ ಊರತನಕ ಮೆರವಣಿಗೆ. ಮುಂದಿನ ಟ್ರ್ಯಾಕ್ಟರಿನಲ್ಲಿ ದೊಡ್ಡ ಪರದೆ ಕಟ್ಟಿ ಅದನ್ನೇ ಹಚ್ಚಿದ್ದರು. ಕಂಬ ಮೇಲೇಳುವಾಗಲೆಲ್ಲ ಹುಡುಗರು ಪರದೆಯ ಮೇಲೆ ಗುಲಾಲು ಎರಚುತ್ತಿದ್ದರು. ಲಕ್ಕಪ್ಪ ನನ್ನ ಅಂಗೈಗೂ ಒಂದು ಹಿಡಿ ಹಾಕಿದ. ಜನ ನೋಡುತ್ತಿದ್ದರು. ಎರಚಿದೆ. ನೇರ ಬುರುಡೆಯ ಮುಖದ ಮೇಲೆ ಬಿತ್ತು.

ದಾರಿಯಲ್ಲಿ ಠಾಣೆಗೆ ಇಳಿದೆ. ಮುದುಕ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಒಂದು ಕಣ್ಣು ಬಾತಿತ್ತು. ನನ್ನ ಮೈಮೇಲಿನ ಬಣ್ಣ ನೋಡಿ, "ಗೆದ್ರೇನ್ರಿ?" ಅಂದ. ಹೌದು, ಈಗಲಾದರೂ ಹೇಳು, ಈ ಕ್ಷಣ ಬಿಡಿಸುತ್ತೇನೆ ಅಂದೆ. "ಚೊಲೋ ಆತ್ರಿ," ಎಂದು ಬಾತ ಕಣ್ಣು ಮುಚ್ಚಿದ. ಇನ್ನೆರಡು ದಿನ ಇಟ್ಟುಕೊಳ್ಳಿ ಎಂದು ಹೇಳಿ ಬಂದೆ.

ಮನೆಯಲ್ಲಿ ನೇತ್ರಾ ಆರತಿ ಹಿಡಿದು ಕಾದಿದ್ದಳು. ಶಾಸ್ತ್ರೋಕ್ತವಾಗಿ ಎತ್ತಿದಳು, ಕುಂಕುಮ ಹಚ್ಚಿದಳು. ಒಳಕೋಣೆಗೆ ಬಂದ ಮೇಲೆ ನಾನೇ ಅಂದೆ, "ಇನ್ನೆರಡು ದಿನ. ಮುದುಕ ಬಾಯಿ ಬಿಡ್ತಾನ."

ಅವಳು ತಾಟು ಕೆಳಗಿಟ್ಟಳು. "ಅವರನ್ನ ಬಿಡಿಸ್ರಿ. ಅವರೊಬ್ಬರಿಗೆ ಗೊತ್ತಿರೂದಲ್ಲ ಅದು. ನಾನೂ ಹೋಗಿದ್ನಿ."

"ಎಲ್ಲಿಗೆ?"

"ಅವತ್ತು ನೀವು ಮೈಕಿನಾಗ ಒದರಾಕತ್ತಿದ್ರಿ. ನಾ ಗಿಡದ ಹಿಂದ ನಿಂತಿದ್ನಿ. ಅವರು ಚಾದರ ಕಟ್ಟಿಕೊಂಡು ಹೊಂಟಾಗ ಹಿಂದ ಹ್ವಾದ್ನಿ. ಅತ್ತಿ ತಲಿ ನನ್ನ ಸೆರಗಿನಾಗ ಇತ್ರಿ. ನಾವಿಬ್ಬರಽ ಮಣ್ಣು ಕೊಟ್ವಿ."

ಎಲ್ಲಿ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು. ಮತ್ತೆ ಕೇಳಿದೆ. ಕೈ ಮುಗಿದೆ, ಅದೂ ಮಾಡಿದೆ. ಒಂದು ಸಲ ತೋರಿಸು, ಅಗೆಯುವುದಿಲ್ಲ, ಒಂದು ದೀಪ ಹಚ್ಚಿ ಬರುತ್ತೇನೆ ಅಂದೆ. ಹೇಳುವಾಗ ನನಗೆ ನಿಜವಾಗಿ ಅಳು ಬಂತು.

"ನಿಮ್ಮ ಅಳು ನಾ ಹದಿನೆಂಟು ವರ್ಷ ಮೈಕಿನಾಗ ಕೇಳೇನ್ರಿ," ಅಂದಳು. "ಎಲ್ಲಿ ಅಂತ ಹೇಳೂದಿಲ್ಲ. ಕುಂದ್ರಿಸೇವೋ ಮಲಗಿಸೇವೋ ಅದನ್ನೂ ಹೇಳೂದಿಲ್ಲ."

ಹೊಡೆದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಆಮೇಲೆ ಎರಡನೆಯ ಸಲ. ಅವಳು ಹಿಂದೆ ಸರಿಯಲಿಲ್ಲ. ತುಟಿಯ ರಕ್ತ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತಳು.

ಹೊರಗೆ ಪಟಾಕಿ ಹಚ್ಚಿದ್ದಾರೆ. ಲಕ್ಕಪ್ಪ ಎರಡು ಸಲ ಕರೆದ, ಹಾರ ಹಾಕಲು ಹಿರಿಯರು ಬಂದಿದ್ದಾರಂತೆ. ಪಡಸಾಲೆಯಲ್ಲಿ ಕೂತು ಇಷ್ಟು ಬರೆದೆ. ಹಾರ ಹಾಕಿಸಿಕೊಂಡು, ನಾಲ್ಕು ಮಾತಾಡಿ ಬಂದು ಮತ್ತೆ ಕೇಳುತ್ತೇನೆ. ಒಳಕೋಣೆಗೆ ಹೊರಗಿನಿಂದ ಕೀಲಿ ಹಾಕಿದ್ದೇನೆ. ಕೀಲಿಕೈ ನನ್ನ ಜೇಬಿನಲ್ಲಿದೆ.